ಪಡ್ಡುವಿನ ಬೆನ್ನು ಮತ್ತು ಪಾಮರ್ ಸಾಹೇಬರ ಬೆರಳು

ತುಂಬಾ ದಿನದಿಂದ ಬರೀಬೇಕು ಅಂದುಕೊಂಡು ಮುಂದೂಡುತ್ತಾ ಬಂದ ವಿಷಯ ಇದು. ಮುಂದೂಡಿದ್ದಕ್ಕೆ ಅರ್ಧ ಕಾರಣ ಸೋಮಾರಿತನ, ಇನ್ನರ್ಧ ಸಂಕೋಚ. ಸಂಕೋಚ ಯಾಕೆ ಅನ್ನೋದು ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತೆ.

ನಮ್ಮ ಅಕ್ಕ, ಭಾವ ಇರೋದು ಅಮೆರಿಕದ ಇಲಿನಾಯ್ ರಾಜ್ಯದ ಮೊಲೀನ್ ಅನ್ನೋ ಊರಲ್ಲಿ. ಮಿಸಿಸಿಪ್ಪಿ ನದಿಯ ದಡದ ಊರು. ಅವರ ಮನೆಯಲ್ಲೊಂದು ಡ್ಯಾಶ್‌ಹುಂಡ್ ಜಾತಿಯ ಹೆಣ್ಣು ನಾಯಿ. ಗೇಣುದ್ದದ ಕಾಲು, ಮಾರುದ್ದದ ಮೈ. ಫೋಟೋ ನೋಡಿದ ನಮ್ಮಮ್ಮ "ಇದೇನೇ, ಪಡವಲಕಾಯಿ ಇದ್ದ ಹಾಗಿದೆ" ಅಂದಿದ್ದೇ ತಡ, ಅದಕ್ಕೆ ಪಡವಲ ಅಂತಲೇ ಹೆಸರಾಯ್ತು. ಕರೆಯೋದು ಪಡ್ಡು ಅಂತ.

2023ರ ಫೆಬ್ರವರಿಯಲ್ಲಿ ಒಂದು ದಿನ ಅಕ್ಕ ಫೋನ್ ಮಾಡಿದಳು. "ಪಡ್ಡು ಸೋಫಾ ಹತ್ತಲ್ಲ ಕಣೋ. ಬೆನ್ನು ಮುಟ್ಟಿದ್ರೆ ಕುಂಯ್ ಅಂತಾಳೆ. ಡಾಕ್ಟ್ರು ನೋವಿನ ಮಾತ್ರೆ ಕೊಟ್ಟು, ನಾಲ್ಕು ವಾರ ಸಣ್ಣ ಬೋನಲ್ಲಿ ಕೂಡಿಹಾಕಿ, ಓಡಾಡೋಕೆ ಬಿಡಲೇಬೇಡಿ ಅಂದಿದಾರೆ. ಅಷ್ಟು ದಿನ ಹೇಗೋ ಕೂಡಿಹಾಕೋದು? ವಾಕಿಂಗ್ ಹೋದಾಗ ಸಿಗೋ ಒಬ್ಬರು ಹೇಳಿದ್ರು, ನಾಯಿಗೆ ಬೆನ್ನುಮೂಳೆ ಸರಿ ಮಾಡೋರು ಇದಾರಂತೆ. ಔಷಧಿ ಇಲ್ಲ, ಇಂಜೆಕ್ಷನ್ ಇಲ್ಲ, ಬರೀ ಕೈ. ಏನ್ ಮಾಡ್ಲಿ?"

ನನಗೆ ಆಗ ನೆನಪಾಗಿದ್ದು ನಮ್ಮೂರಿನ ಸೆಲೂನು. ಕಟಿಂಗ್ ಆದಮೇಲೆ ತಲೆಗೆ ನಾಲ್ಕು ತಟ್ಟಿ, ಗದ್ದ ಹಿಡಿದು ಕತ್ತನ್ನು ಆ ಕಡೆ ಲಟಕ್, ಈ ಕಡೆ ಲಟಕ್ ಅನ್ನಿಸ್ತಿದ್ದರಲ್ಲ, ಅದು. ಎದ್ದು ಬರುವಾಗ ಎಷ್ಟು ಹಗುರ! "ಕೈಯಿಂದ ತಾನೇ, ಮಾಡ್ಸು, ಏನೂ ಆಗಲ್ಲ" ಅಂದುಬಿಟ್ಟೆ. ಇದು ನನ್ನ ಮೊದಲನೇ ಬುದ್ಧಿವಂತಿಕೆ. ಎರಡನೆಯದನ್ನು ಆಮೇಲೆ ಹೇಳ್ತೀನಿ.

ಅದೇ ವರ್ಷ ಬೇಸಿಗೆಯಲ್ಲಿ ಅಕ್ಕನ ಮನೆಗೆ ಹೋದಾಗ ಒಂದು ವಿಷಯ ಗೊತ್ತಾಯ್ತು. ಈ ಕೈರೋಪ್ರ್ಯಾಕ್ಟಿಕ್ ಅನ್ನೋ ವಿದ್ಯೆ ಹುಟ್ಟಿದ್ದೇ ಅವರ ಮನೆಯಿಂದ ಸೇತುವೆ ದಾಟಿದರೆ ಸಿಗುವ ಡೇವನ್‌ಪೋರ್ಟ್‌ನಲ್ಲಿ. ನದಿಯ ಈ ದಡ ಇಲಿನಾಯ್, ಆ ದಡ ಅಯೋವಾ. ಡೇವನ್‌ಪೋರ್ಟಿನ ಬ್ರೇಡಿ ರಸ್ತೆಯ ಏರಿನ ಮೇಲೆ ಪಾಮರ್ ಕಾಲೇಜು ಇವತ್ತಿಗೂ ಇದೆ. ಹೋಗಿ ನೋಡಿ ಬಂದೆ. ಬಂದಮೇಲೆ ಹುಚ್ಚು ಹಿಡಿದವನ ಹಾಗೆ ಅದರ ಚರಿತ್ರೆ ಓದಿದೆ. ಮುಂದಿನದು ಆ ಓದಿನ ಫಲ.

ಡೇನಿಯಲ್ ಡೇವಿಡ್ ಪಾಮರ್ (ಹೆಸರಿಗೆ ನಗಬೇಡಿ, ಅವನು ಪಂಡಿತನೋ ಪಾಮರನೋ ಅನ್ನೋ ಜಗಳ ನೂರು ವರ್ಷ ನಡೆದಿದೆ) ಹುಟ್ಟಿದ್ದು 1845ರಲ್ಲಿ, ಕೆನಡಾದಲ್ಲಿ. ಅಮೆರಿಕಕ್ಕೆ ಬಂದು ಮೇಷ್ಟ್ರಾದ, ಜೇನು ಸಾಕಿದ, ದಿನಸಿ ಅಂಗಡಿ ಇಟ್ಟ, ಬಂಗಾರದ ಮೀನನ್ನೂ ಮಾರಿದ. ಕೊನೆಗೆ ಡೇವನ್‌ಪೋರ್ಟಿಗೆ ಬಂದು 'ಮ್ಯಾಗ್ನೆಟಿಕ್ ಹೀಲರ್' ಅಂತ ಬೋರ್ಡು ಹಾಕಿಕೊಂಡ. ಮೈಯೊಳಗಿನ ಅಯಸ್ಕಾಂತ ಶಕ್ತಿಯನ್ನು ಕೈ ಮೂಲಕ ಹರಿಸಿ ರೋಗ ವಾಸಿ ಮಾಡ್ತೀನಿ ಅನ್ನುವ ಕಸುಬು ಅದು.

ಅವನ ಆಫೀಸಿದ್ದ ಕಟ್ಟಡದ ಕಸ ಗುಡಿಸುವ ಕೆಲಸ ಮಾಡ್ತಿದ್ದವನು ಹಾರ್ವೆ ಲಿಲ್ಲಾರ್ಡ್, ಕಪ್ಪು ಜನಾಂಗದವನು. ಅವನಿಗೆ ಕಿವಿ ಸರಿಯಾಗಿ ಕೇಳ್ತಿರಲಿಲ್ಲ. 17 ವರ್ಷದ ಹಿಂದೆ ಇಕ್ಕಟ್ಟಿನಲ್ಲಿ ಬಗ್ಗಿ ಕೆಲಸ ಮಾಡುವಾಗ ಬೆನ್ನಲ್ಲಿ ಏನೋ ಸರಿದ ಹಾಗಾಯಿತು, ಅವತ್ತಿಂದ ಕಿವುಡಾದೆ ಅಂತ ಅವನು ಹೇಳಿದನಂತೆ. ಪಾಮರ್ ಅವನ ಬೆನ್ನು ತಡವಿ ನೋಡಿ, ಉಬ್ಬಿದ್ದ ಒಂದು ಮಣಿಯನ್ನು ಒತ್ತಿ ಕೂರಿಸಿದ. ಕಿವಿ ಕೇಳಿಸಿತು! ಇದು ನಡೆದದ್ದು 1895ರ ಸೆಪ್ಟೆಂಬರ್ 18 ಅಂತ ಸಂಪ್ರದಾಯ. ಲಿಲ್ಲಾರ್ಡನ ಮಗಳು ಮುಂದೊಂದು ದಿನ ಬೇರೆಯೇ ಕಥೆ ಹೇಳಿದಳು. ಅಪ್ಪ ಯಾರಿಗೋ ಜೋಕ್ ಹೇಳ್ತಿದ್ದಾಗ ಪಾಮರ್ ನಕ್ಕು ಬೆನ್ನಿಗೆ ಗುದ್ದಿದ, ಆಮೇಲೆ ಕಿವಿ ಸ್ವಲ್ಪ ಸುಧಾರಿಸಿತು ಅಂತ. ಯಾವುದು ನಿಜವೋ! ಕೇಳುವ ನರ ಬೆನ್ನುಮೂಳೆಯ ಮೂಲಕ ಹೋಗೋದೇ ಇಲ್ಲ, ಒಳಕಿವಿಯಿಂದ ತಲೆಬುರುಡೆಯೊಳಗೇ ನೇರ ಮೆದುಳಿಗೆ ಹೋಗುತ್ತೆ ಅನ್ನೋದಂತೂ ಅಂಗರಚನೆಯ ಪಾಠ ಓದಿದವರಿಗೆಲ್ಲ ಗೊತ್ತಿತ್ತು.

ಪಾಮರನಿಗೆ ಅದು ಅಡ್ಡಿಯಾಗಲಿಲ್ಲ. ಮರುವರ್ಷ ಸ್ಯಾಮ್ಯುಯೆಲ್ ವೀಡ್ ಎಂಬ ಪಾದ್ರಿ (ಅವನ ರೋಗಿಯೇ) ಗ್ರೀಕಿನಲ್ಲಿ ಕೈ, ಕೆಲಸ ಎನ್ನುವ ಎರಡು ಪದ ಕೂಡಿಸಿ 'ಕೈರೋಪ್ರ್ಯಾಕ್ಟಿಕ್' ಅಂತ ಹೆಸರಿಟ್ಟುಕೊಟ್ಟ. ಕನ್ನಡದವರಿಗೆ ಗ್ರೀಕ್ ಬೇಕಾಗಿಲ್ಲ, ಹೆಸರಲ್ಲೇ 'ಕೈ' ಇದೆ :) 1897ರಲ್ಲಿ ಶಾಲೆ ಶುರುವಾಯ್ತು. 1910ರಲ್ಲಿ ಬರೆದ ದಪ್ಪ ಪುಸ್ತಕದಲ್ಲಿ ಪಾಮರ್ ನೂರಕ್ಕೆ 95 ಕಾಯಿಲೆಗಳಿಗೆ ಬೆನ್ನುಮೂಳೆಯ ಮಣಿ ಸರಿದಿರೋದೇ ಕಾರಣ ಅಂದ. ಉಳಿದ ಐದಕ್ಕೆ? ಬೇರೆ ಕೀಲುಗಳು ಸರಿದಿರೋದು!

ಈ ಮಾತಿಗೆ ನಗೋದು ಸುಲಭ. ಆದರೆ ಆ ಕಾಲದ ದೊಡ್ಡ ಡಾಕ್ಟರುಗಳು ಏನು ಮಾಡ್ತಿದ್ದರು ನೋಡಿ. ಹತ್ತೊಂಬತ್ತನೇ ಶತಮಾನದ ಬಹುಭಾಗ ಅವರು ರೋಗಿಯ ರಕ್ತ ಹರಿಸುತ್ತಿದ್ದರು, ಪಾದರಸದ ಪುಡಿ ತಿನ್ನಿಸುತ್ತಿದ್ದರು. ರೋಗಕ್ಕಿಂತ ಔಷಧಿಯಿಂದ ಸತ್ತವರು ಕಮ್ಮಿಯೇನಲ್ಲ. ಅಂಥ ಹೊತ್ತಲ್ಲಿ "ಔಷಧಿ ಬೇಡ, ಕತ್ತಿ ಬೇಡ, ಬರೀ ಕೈ" ಅಂದರೆ ಜನ ಯಾಕೆ ಹೋಗೋಲ್ಲ? ಪಾಮರನಿಗಿಂತ 20 ವರ್ಷ ಮೊದಲೇ, 1874ರಲ್ಲಿ, ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯ ಇಂಥದೇ ಆಸ್ಟಿಯೋಪತಿ ಎಂಬ ಪದ್ಧತಿ ಸಾರಿದ್ದ.

ಅದಕ್ಕೂ ಹಿಂದೆ ಎಲ್ಲ ದೇಶದಲ್ಲೂ ಮೂಳೆ ಕೂರಿಸುವವರು ಇದ್ದೇ ಇದ್ದರು. ಇಂಗ್ಲೆಂಡಿನ ಎಪ್ಸಮ್‌ನಲ್ಲಿ ಸಾರಾ ಮ್ಯಾಪ್ ಅನ್ನುವ ಗಟ್ಟಿಗಿತ್ತಿ ಇದ್ದಳು. ಚಿತ್ರಕಾರ ಹೋಗಾರ್ತ್ 1736ರಲ್ಲಿ ವೈದ್ಯರನ್ನೆಲ್ಲ ಗೇಲಿ ಮಾಡಿ ಬರೆದ ಚಿತ್ರದಲ್ಲಿ ಅವಳನ್ನೂ ಕೂರಿಸಿದ. 1867ರಲ್ಲಿ ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಜೇಮ್ಸ್ ಪೇಜೆಟ್ ತನ್ನ ಸಹೋದ್ಯೋಗಿಗಳ ಮುಂದೆ ಒಂದು ಉಪನ್ಯಾಸ ಕೊಟ್ಟ. ವಿಷಯ, ಮೂಳೆ ಕೂರಿಸುವವರು ಗುಣಪಡಿಸುವ ಕೇಸುಗಳು. ಅವರು ಹಾಳುಮಾಡಿದ್ದು ಎಷ್ಟೋ ಇದೆ, ಆದರೆ ನಮ್ಮ ಕೈಲಾಗದ ಕೆಲವನ್ನು ಅವರು ವಾಸಿ ಮಾಡುತ್ತಾರೆ, ಒಳ್ಳೆಯದನ್ನು ಕಲಿತು ಕೆಟ್ಟದ್ದನ್ನು ಬಿಡೋಣ ಅನ್ನೋದು ಅವನ ಮಾತಿನ ಸಾರ. ಈ ಇಡೀ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ಮನುಷ್ಯ ಇವನೇ.

ಪೇಜೆಟ್ ತೋರಿಸಿದ ಆ ದಾರಿಯಲ್ಲಿ ಅಮೆರಿಕದವರು ಹೋಗಲಿಲ್ಲ. 1906ರಲ್ಲಿ ಪರವಾನಗಿ ಇಲ್ಲದೆ ವೈದ್ಯ ಮಾಡಿದ ಅಂತ ಪಾಮರನಿಗೆ ಶಿಕ್ಷೆಯಾಯ್ತು. ದಂಡ ಕಟ್ಟೋಲ್ಲ ಅಂತ ಜೈಲಿಗೆ ಹೋಗಿ ಕೂತ. ಕೆಲವು ವಾರ ಕಳೆದಮೇಲೆ ಕಟ್ಟಿ ಹೊರಬಂದ. ಅದೇ ವರ್ಷ ಮಗ ಬಿ.ಜೆ. ಪಾಮರ್ ಶಾಲೆಯನ್ನು ಕೊಂಡುಕೊಂಡ. ಅಪ್ಪ ಮಗನಿಗೆ ಆಗಿಬರಲಿಲ್ಲ. ಅಪ್ಪ 1913ರಲ್ಲಿ ತೀರಿಕೊಂಡ.

ಮಗ ಮಾತ್ರ ಮಹಾ ಪ್ರಚಂಡ. ಶಾಲೆಯ ಗೋಡೆ ಗೋಡೆಗೂ ನುಡಿಮುತ್ತು ಬರೆಸಿದ, ಬೆನ್ನುಮೂಳೆಗಳ ದೊಡ್ಡ ಸಂಗ್ರಹ ಮಾಡಿದ, 1922ರಲ್ಲಿ ಒಂದು ರೇಡಿಯೋ ಸ್ಟೇಷನ್ನನ್ನೇ ಕೊಂಡ. ಡಬ್ಲ್ಯು.ಓ.ಸಿ. ಅನ್ನೋ ಅದರ ಹೆಸರಿಗೆ 'ಕೈರೋಪ್ರ್ಯಾಕ್ಟಿಕ್‌ನ ಅದ್ಭುತಗಳು' ಅಂತ ಅರ್ಥ ಹಚ್ಚಿದ. ಹತ್ತು ವರ್ಷದ ನಂತರ ಅದೇ ಸ್ಟೇಷನ್ನಿನಲ್ಲಿ ಫುಟ್‌ಬಾಲ್ ಕಾಮೆಂಟರಿ ಹೇಳೋಕೆ ಸೇರಿದ ಹುಡುಗ ರೊನಾಲ್ಡ್ ರೇಗನ್. ಹೌದು, ಅಧ್ಯಕ್ಷ ರೇಗನ್ನೇ.

ಕಾನೂನು ನಿಧಾನವಾಗಿ ದಾರಿ ಬಿಟ್ಟಿತು. 1913ರಲ್ಲಿ ಕ್ಯಾನ್ಸಾಸ್ ಮೊದಲು ಪರವಾನಗಿಯ ಕಾಯಿದೆ ಮಾಡಿತು, 1974ರಲ್ಲಿ ಲೂಸಿಯಾನಾ ಕೊನೆಯದಾಗಿ. ಅಮೆರಿಕದ ವೈದ್ಯರ ಸಂಘ ಮಾತ್ರ ಬಿಡಲಿಲ್ಲ. 1963ರಲ್ಲಿ ನಕಲಿ ವೈದ್ಯದ ವಿರುದ್ಧ ಅಂತ ಒಂದು ಸಮಿತಿ ಮಾಡಿ ಇವರನ್ನು ಬೇರು ಸಮೇತ ಕೀಳೋಕೆ ನಿಂತಿತು. ಚೆಸ್ಟರ್ ವಿಲ್ಕ್ ಮತ್ತು ಇತರ ಕೆಲವು ಕೈರೋಪ್ರ್ಯಾಕ್ಟರುಗಳು 1976ರಲ್ಲಿ ಕೋರ್ಟಿಗೆ ಹೋದರು. 1987ರಲ್ಲಿ ನ್ಯಾಯಾಧೀಶೆ ಸೂಸನ್ ಗೆಟ್ಜೆಂಡ್ಯಾನರ್ ವೈದ್ಯರ ಸಂಘದ್ದೇ ತಪ್ಪು ಅಂದರು. ಗಮನಿಸಿ, ಈ ಚಿಕಿತ್ಸೆ ಕೆಲಸ ಮಾಡುತ್ತೆ ಅಂತ ಕೋರ್ಟು ಹೇಳಲಿಲ್ಲ. ಒಂದು ಕಸುಬಿನವರು ಸೇರಿಕೊಂಡು ಇನ್ನೊಂದು ಕಸುಬಿನವರಿಗೆ ಬಹಿಷ್ಕಾರ ಹಾಕೋದು ಕಾನೂನಿಗೆ ವಿರೋಧ ಅಂತಷ್ಟೇ ಹೇಳಿತು. ಗೆದ್ದವರಿಗೆ ಮಾತ್ರ ಅದು ವಿದ್ಯೆಗೇ ಸಿಕ್ಕ ಮುದ್ರೆಯ ಹಾಗೆ ಕಂಡಿತು.

ಇದಾಗಿ ಎರಡೇ ವರ್ಷಕ್ಕೆ ಈ ವಿದ್ಯೆ ಪ್ರಾಣಿಗಳಿಗೂ ಒಂದು ಸಂಘ ಕಟ್ಟಿಕೊಂಡಿತು. ಪ್ರಾಣಿಗಳ ವಿಷಯಕ್ಕೆ ಬರಬೇಕಾದರೆ ಒಂದು ಹೆಜ್ಜೆ ಹಿಂದೆ ಹೋಗಬೇಕು.

ಪಾಮರನ ಕಾಲದ ಅಮೆರಿಕ ನಡೀತಿದ್ದದ್ದೇ ಕುದುರೆಗಳ ಮೇಲೆ. 1872ರಲ್ಲಿ ಕುದುರೆಗಳಿಗೆ ಫ್ಲೂ ಹರಡಿದಾಗ ಊರೂರೇ ಸ್ತಬ್ಧವಾದವು. ಬಾಸ್ಟನ್ನಿನಲ್ಲಿ ಬೆಂಕಿ ಬಿದ್ದಾಗ ಬೆಂಕಿ ಎಂಜಿನ್ನುಗಳನ್ನು ಮನುಷ್ಯರೇ ಎಳೆಯಬೇಕಾಯ್ತು. ಅಯೋವಾದ ಏಮ್ಸ್‌ನಲ್ಲಿ 1879ರಲ್ಲಿ ಅಮೆರಿಕದ ಮೊದಲ ಸರ್ಕಾರಿ ಪಶುವೈದ್ಯ ಶಾಲೆ ಶುರುವಾಯ್ತು. ಒಂದೇ ರಾಜ್ಯದಲ್ಲಿ ಇಪ್ಪತ್ತು ವರ್ಷದೊಳಗೆ ಅಲ್ಲೊಂದು ಪಶುವೈದ್ಯ ಶಾಲೆ, ಇಲ್ಲೊಂದು ಬೆನ್ನುಮೂಳೆಯ ಶಾಲೆ. ಎರಡೂ ಒಂದರ ಮುಖ ಒಂದು ನೋಡಲಿಲ್ಲ.

ಆಮೇಲೆ ಟ್ರಾಕ್ಟರ್ ಬಂತು. ಅಕ್ಕನ ಊರು ಮೊಲೀನ್‌ನಲ್ಲಿ 1848ರಿಂದ ನೇಗಿಲು ಮಾಡುತ್ತಿದ್ದ ಜಾನ್ ಡೀರ್ ಕಂಪನಿ 1918ರಲ್ಲಿ ಅಯೋವಾದ ಒಂದು ಟ್ರಾಕ್ಟರ್ ಕಾರ್ಖಾನೆ ಕೊಂಡಿತು. 1920ರ ಆಸುಪಾಸಿನಲ್ಲಿ ಅಮೆರಿಕದಲ್ಲಿದ್ದ ಕುದುರೆ, ಹೇಸರಗತ್ತೆ ಸುಮಾರು ಎರಡೂವರೆ ಕೋಟಿ. 1960ರ ಹೊತ್ತಿಗೆ 30 ಲಕ್ಷದ ಸುಮಾರು. ಉಳಿದ ಕುದುರೆ ಹೊಲದ್ದಲ್ಲ. ರೇಸಿನದ್ದು, ಜಿಗಿಯುವ ಆಟದ್ದು, ಶೋಕಿಯದ್ದು. ಹಟ್ಟಿಯ ನಾಯಿ ಹಾಸಿಗೆಗೆ ಬಂದು ಮನೆಮಗುವಾಯ್ತು. ಉಳುವ ಕುದುರೆ ಕುಂಟಿದರೆ ಮಾರುತ್ತಿದ್ದರು ಅಥವಾ ಗುಂಡು ಹೊಡೆಯುತ್ತಿದ್ದರು. ಲಕ್ಷಾಂತರ ಡಾಲರಿನ ಕುದುರೆ ಅರ್ಧ ಸೆಕೆಂಡು ನಿಧಾನವಾದರೆ ಮಾಲೀಕ ಊರಲ್ಲಿರುವ ಎಲ್ಲರನ್ನೂ ಕರೆಸುತ್ತಾನೆ. ಮನುಷ್ಯರ ಬೆನ್ನು ನೋಡುವ ಕೈರೋಪ್ರ್ಯಾಕ್ಟರುಗಳು ಲಾಯಕ್ಕೆ ಕಾಲಿಟ್ಟದ್ದು ಹೀಗೆ.

ಇನ್ನೊಂದು ಕಡೆಯಿಂದ 'ಹೋಲಿಸ್ಟಿಕ್' ಅನ್ನೋ ಗಾಳಿ ಬೀಸುತ್ತಿತ್ತು. ರೋಗವನ್ನಷ್ಟೇ ಅಲ್ಲ, ಇಡೀ ಜೀವವನ್ನು ನೋಡಬೇಕು ಅನ್ನೋ ವಿಚಾರ. ಇದರ ಹಿಂದಿನ 'ಹೋಲಿಸಂ' ಪದವನ್ನು 1926ರ ಪುಸ್ತಕದಲ್ಲಿ ಚಲಾವಣೆಗೆ ತಂದವರು ದಕ್ಷಿಣ ಆಫ್ರಿಕಾದ ಜನರಲ್ ಸ್ಮಟ್ಸ್. ಗಾಂಧೀಜಿಯನ್ನು ಜೈಲಿಗೆ ಹಾಕಿಸಿ, ಅವರು ಹೊಲಿದ ಚಪ್ಪಲಿ ಮೆಟ್ಟಿದರಲ್ಲ, ಅವರೇ! 1974ರಲ್ಲಿ ಪ್ರಾಣಿಗಳ ಅಕ್ಯುಪಂಕ್ಚರ್ ಮಾಡುವ ಪಶುವೈದ್ಯರ ಅಂತರರಾಷ್ಟ್ರೀಯ ಸಂಘ, 1982ರಲ್ಲಿ ಹೋಲಿಸ್ಟಿಕ್ ಪಶುವೈದ್ಯರ ಸಂಘ ಅಮೆರಿಕದಲ್ಲಿ ಹುಟ್ಟಿದವು. 1989ರಲ್ಲಿ ಶರಾನ್ ವಿಲ್ಲೋಬಿ ಅವರು ಅಮೆರಿಕದ ಪಶು ಕೈರೋಪ್ರ್ಯಾಕ್ಟಿಕ್ ಸಂಘ ಕಟ್ಟಿದರು. ಆಕೆ ಪಶುವೈದ್ಯೆಯೂ ಹೌದು, ಕೈರೋಪ್ರ್ಯಾಕ್ಟರೂ ಹೌದು. ಅವರ ಬಗ್ಗೆ ಓದಿದಾಗ ನನಗೆ ಗೌರವ ಬಂತು. ಯಾರು ಯಾರೋ ಲಾಯಕ್ಕೆ ನುಗ್ಗಿ ಕೈಗೆ ಸಿಕ್ಕಿದ್ದನ್ನು ಹಿಡಿದು ತಿರುಚುವ ಕಾಲದಲ್ಲಿ, ಕ್ರಮವಾಗಿ ಕಲಿಸಬೇಕು, ಪರೀಕ್ಷೆ ಇಡಬೇಕು, ಪಶುವೈದ್ಯರೂ ಕೈರೋಪ್ರ್ಯಾಕ್ಟರುಗಳೂ ಒಂದೇ ಬೆಂಚಿನಲ್ಲಿ ಕೂತು ಕಲಿಯಬೇಕು ಅಂತ ಹಟ ಹಿಡಿದವರು ಅವರು. 1996ರಲ್ಲಿ ಅಮೆರಿಕದ ಪಶುವೈದ್ಯರ ಸಂಘವೂ ಇಂಥ ಪರ್ಯಾಯ ಚಿಕಿತ್ಸೆಗಳಿಗೆ ಒಂದಿಷ್ಟು ಮಾರ್ಗಸೂಚಿ ಮಾಡಿತು.

ಈಗ ನಿಮಗೊಂದು ಪ್ರಶ್ನೆ. ಸರಿದ ಮಣಿಯನ್ನು ಕೂರಿಸೋದು ಅಂದರೆ ಏನು? ಕುದುರೆಯ ಬೆನ್ನಿನಲ್ಲಿ ಕತ್ತಿಗೆ 7, ಎದೆಯ ಭಾಗಕ್ಕೆ 18, ಸೊಂಟಕ್ಕೆ ಸಾಮಾನ್ಯವಾಗಿ 6 ಮಣಿಗಳು. ಅವುಗಳ ಮೇಲೆ ದಪ್ಪ ಸ್ನಾಯು. ಬೆರಳಿಗೆ ಸಿಗೋದು ಮೇಲೆದ್ದ ಮುಳ್ಳುಗಳ ತುದಿ ಮಾತ್ರ. ಮಣಿ ನಿಜವಾಗಿ ಜಾಗ ಬಿಟ್ಟು ಜಾರಿದರೆ ಕುದುರೆ ಎದ್ದು ನಿಲ್ಲೋದೇ ಕಷ್ಟ, ಬೆನ್ನುಹುರಿಗೇ ಪೆಟ್ಟು ಬಿದ್ದಿರುತ್ತೆ. ಹಾಗಾಗಿ ಈಗಿನ ತಿಳಿದವರು 'ಸರಿದ ಮೂಳೆ' ಅನ್ನೋದಿಲ್ಲ. ಕೀಲಿನ ಚಲನೆ ಬಿಗಿಯಾಗಿದೆ, ಸುತ್ತಲ ಸ್ನಾಯು ಸೆಟೆದಿದೆ, ಚುರುಕಾಗಿ ಸಣ್ಣಗೆ ತಳ್ಳಿದರೆ ಅದು ಸಡಿಲವಾಗುತ್ತೆ ಅನ್ನುತ್ತಾರೆ. ಇದು ಪಾಮರನ ಮಾತಿಗಿಂತ ಎಷ್ಟೋ ವಿನಯದ ಮಾತು, ಪರೀಕ್ಷೆ ಮಾಡಬಹುದಾದ ಮಾತು.

ಪರೀಕ್ಷೆಗಳೂ ನಡೆದಿವೆ. ಪಶುವೈದ್ಯಕೀಯ, ಕೈರೋಪ್ರ್ಯಾಕ್ಟಿಕ್ ಎರಡನ್ನೂ ಓದಿದ ಕೆವಿನ್ ಹಾಸ್ಲರ್ ಮತ್ತು ಸಂಗಡಿಗರು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕುದುರೆಯ ಬೆನ್ನನ್ನು ಒಂದು ಉಪಕರಣದಿಂದ ಒತ್ತುತ್ತಾ ಹೋಗೋದು, ಎಷ್ಟು ಒತ್ತಿದರೆ ಅದು ನೋವಿಗೆ ಸರಿಯುತ್ತೆ ಅಂತ ಅಳೆಯೋದು. ಏಳು ದಿನದ ನಂತರ ತಡೆಯುವ ಶಕ್ತಿ ಕೈರೋಪ್ರ್ಯಾಕ್ಟಿಕ್ ಗುಂಪಿನಲ್ಲಿ ನೂರಕ್ಕೆ 27, ಮಸಾಜ್ ಗುಂಪಿನಲ್ಲಿ 12, ನೋವಿನ ಔಷಧಿ ಗುಂಪಿನಲ್ಲಿ 8ರಷ್ಟು ಹೆಚ್ಚಿತ್ತು. ಏನೋ ಇದೆ ಅನ್ನಿಸುತ್ತೆ ಅಲ್ಲವೇ? ನನಗೂ ಅನ್ನಿಸಿತು. ಆದರೆ ಆ ಕುದುರೆಗಳಿಗೆ ಬೆನ್ನುನೋವೇ ಇರಲಿಲ್ಲ, ಆರೋಗ್ಯವಾಗಿದ್ದವು. ಅದೇ ಹಾಸ್ಲರ್ ಮತ್ತು ಸಂಗಡಿಗರು 2021ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ ಸಿಕ್ಕ ಪುರಾವೆ ಮಿಶ್ರವಾಗಿತ್ತು, ಗಟ್ಟಿ ತೀರ್ಮಾನಕ್ಕೆ ಸಾಲುವಂತಿರಲಿಲ್ಲ. ನಾಯಿಗಳ ಮೇಲಿನ ಕೆಲಸವಂತೂ ಇನ್ನೂ ಕಡಿಮೆ.

ಇಷ್ಟು ಹೇಳಿದರೆ ಪ್ರಾಣಿ ಸಾಕಿದವರು ಒಂದು ಮಾತು ಎಸೆಯುತ್ತಾರೆ. ಅಕ್ಕನೂ ಎಸೆದಳು. "ಮನುಷ್ಯರಿಗಾದ್ರೆ ನಂಬಿಕೆಯಿಂದ ವಾಸಿಯಾಯ್ತು ಅನ್ನಬಹುದು ಕಣೋ. ಪಡ್ಡುಗೆ ಎಂಥ ನಂಬಿಕೆ? ಅವಳಿಗೇನು ಗೊತ್ತು ಇದು ಚಿಕಿತ್ಸೆ ಅಂತ?"

ಸರಿಯಾದ ಮಾತು. ಪಡ್ಡುಗೆ ಗೊತ್ತಿಲ್ಲ. ನೋಡುವ ನಮಗೆ ಗೊತ್ತಲ್ಲ!

1904ರ ಬರ್ಲಿನ್. ವಿಲ್ಹೆಲ್ಮ್ ಫಾನ್ ಓಸ್ಟನ್ ಎಂಬ ನಿವೃತ್ತ ಮೇಷ್ಟ್ರ ಕುದುರೆ ಹಾನ್ಸ್. ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. ಕೂಡೋದು, ಕಳೆಯೋದು, ಭಿನ್ನರಾಶಿ ಕೂಡ. ವಿದ್ವಾಂಸರ ಸಮಿತಿ ಬಂದು ನೋಡಿ ಮೋಸವೇನೂ ಇಲ್ಲ ಅಂತು. ಮೋಸ ನಿಜಕ್ಕೂ ಇರಲಿಲ್ಲ. ಆಮೇಲೆ ಆಸ್ಕರ್ ಫುಂಗ್ಸ್ಟ್ ಎಂಬ ತರುಣ ಪರೀಕ್ಷೆ ಮಾಡಿ 1907ರಲ್ಲಿ ಗುಟ್ಟು ಬಿಡಿಸಿದ. ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಿಲ್ಲ! ಗೊರಸು ಸರಿಯಾದ ಎಣಿಕೆಗೆ ಬಂದಾಗ ಕೇಳಿದವನ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಅದನ್ನು ನೋಡಿ ಕುದುರೆ ನಿಲ್ಲಿಸುತ್ತಿತ್ತು. ಫುಂಗ್ಸ್ಟ್‌ಗೆ ಇದು ಗೊತ್ತಾದ ಮೇಲೂ ತನ್ನ ತಲೆ ಅಲುಗದಂತೆ ತಡೆಯೋದು ಕಷ್ಟವಾಯಿತಂತೆ. ಯಜಮಾನ ಸುಳ್ಳುಗಾರನಲ್ಲ. ಕುದುರೆಯ ಮೇಲೆ ಪ್ರೀತಿ ಇದ್ದವನು, ತನಗೆ ಬೇಕಾದ್ದನ್ನು ಕಂಡವನು.

ನೂರು ವರ್ಷದ ಮೇಲೆ, 2012ರಲ್ಲಿ, ಇದೇ ವಿಷಯ ನಾಯಿಗಳ ವಿಚಾರದಲ್ಲಿ ಅಳತೆಗೆ ಸಿಕ್ಕಿತು. ಮೈಕಲ್ ಕಾನ್ಜೆಮಿಯಸ್ ಮತ್ತು ರಿಚರ್ಡ್ ಎವಾನ್ಸ್ ಎಂಬ ಸಂಶೋಧಕರು ಸಂಧಿವಾತದಿಂದ ಕುಂಟುತ್ತಿದ್ದ 58 ನಾಯಿಗಳ ವಿವರ ನೋಡಿದರು. ಇವಕ್ಕೆಲ್ಲ ಔಷಧಿ ಅಂತ ಕೊಟ್ಟದ್ದು ಖಾಲಿ ಮಾತ್ರೆ. ನಾಯಿ ನಡೆಯುವಾಗ ಪ್ರತಿ ಕಾಲಿನ ಮೇಲೆ ಬೀಳುವ ಭಾರವನ್ನು ನೆಲದಲ್ಲಿ ಹುದುಗಿಸಿದ ಯಂತ್ರ ಅಳೆಯುತ್ತಿತ್ತು. ಯಂತ್ರ ಬದಲಾವಣೆ ಇಲ್ಲ ಅಂದ ಕಡೆಯೂ ಸುಮಾರು ನೂರಕ್ಕೆ 40 ಸಲ ಯಜಮಾನರು "ಸುಧಾರಿಸಿದೆ" ಅಂದರು. ಅವರು ಬಿಡಿ, ಪಶುವೈದ್ಯರೂ ಅದಕ್ಕಿಂತ ಕಡಿಮೆಯೇನೂ ತಪ್ಪಲಿಲ್ಲ. ನಂಬಿಕೆಯ ಔಷಧಿ ಕೆಲಸ ಮಾಡಿದ್ದು ನಾಯಿಯ ಕಾಲಿನ ಮೇಲಲ್ಲ, ನೋಡುವವರ ಕಣ್ಣಿನ ಮೇಲೆ.

ನಮ್ಮ ಕಡೆಯೂ ಇದು ಹೊಸದಲ್ಲ. ನಮ್ಮಜ್ಜನ ಮನೆಯಲ್ಲಿ ಎತ್ತು ಭುಜ ಹಿಡಿದು ಕುಂಟಿದರೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕಿಸುತ್ತಿದ್ದರು. ಕೊಟ್ಟಿಗೆಯ ಆ ಸುಟ್ಟ ವಾಸನೆ, ಎತ್ತಿನ ಕಣ್ಣು ಇನ್ನೂ ನೆನಪಿದೆ. ಬರೆ ಹಾಕಿದ ಎತ್ತನ್ನು ಗಾಯ ಮಾಯುವವರೆಗೆ, ತಿಂಗಳುಗಟ್ಟಲೆ, ನೊಗಕ್ಕೆ ಕಟ್ಟುತ್ತಿರಲಿಲ್ಲ. ಅಷ್ಟರಲ್ಲಿ ಕುಂಟು ಹೋಗಿರುತ್ತಿತ್ತು. "ನೋಡು, ಬರೆ ಹಾಕಿದ್ದಕ್ಕೆ ವಾಸಿಯಾಯ್ತು" ಅನ್ನೋರು ಅಜ್ಜ. ಇದು ಹಳ್ಳಿಯವರ ಮೂಢತನ ಅಂತ ಮೂಗು ಮುರೀಬೇಡಿ. ಇಂಗ್ಲೆಂಡಿನ ಓದಿದ ಪಶುವೈದ್ಯರೂ ಕುದುರೆಯ ಕಾಲಿನ ಸ್ನಾಯುರಜ್ಜು ಹರಿದರೆ ಹೀಗೇ ಸುಡುತ್ತಿದ್ದರು. 1983ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ, ಸುಟ್ಟಿದ್ದರಿಂದ ಏನೂ ಪ್ರಯೋಜನವಿಲ್ಲ ಅಂತ ತೋರಿಸಿದರು. ವಾಸಿ ಮಾಡುತ್ತಿದ್ದದ್ದು ವಿಶ್ರಾಂತಿ. ಹೆಸರು ಬರುತ್ತಿದ್ದದ್ದು ಕಬ್ಬಿಣಕ್ಕೆ.

ಈಗ ಪಡ್ಡು ವಿಷಯಕ್ಕೆ ಬರ್ತೀನಿ.

ಅಕ್ಕ ಅವಳನ್ನು ವಾರಕ್ಕೊಂದು ಸಲದಂತೆ ಮೂರು ಸಲ ಬೆನ್ನು ಕೂರಿಸುವವರ ಹತ್ತಿರ ಕರೆದುಕೊಂಡು ಹೋದಳು. ಮೃದುವಾದ ಕೈ, ಒಳ್ಳೆಯ ಮಾತು, ಪಡ್ಡುಗೂ ಇಷ್ಟವಾಗಿತ್ತಂತೆ. ಎರಡನೇ ಸಲದ ನಂತರ ಬೋನು ಗ್ಯಾರೇಜಿಗೆ ಹೋಯಿತು. ಮೂರನೇ ವಾರ ಅಕ್ಕ ವಿಡಿಯೋ ಕಾಲ್ ಮಾಡಿ, ಪಡ್ಡುವನ್ನು ಹಾಲ್‌ನಲ್ಲಿ ಆ ತುದಿಯಿಂದ ಈ ತುದಿಗೆ ನಡೆಸಿ, "ನೋಡೋ, ಹೇಗಿದಾಳೆ ಹೇಳು" ಅಂದಳು. ನಾನು ಫೋನಿನ ನಾಲ್ಕಿಂಚಿನ ಪರದೆಯಲ್ಲಿ ನೋಡಿ "ಅರೆ, ಸೂಪರ್! ಪೂರ್ತಿ ಸರಿಹೋಗಿದಾಳಲ್ಲೇ" ಅಂದೆ. ಇದು ನನ್ನ ಎರಡನೇ ಬುದ್ಧಿವಂತಿಕೆ. ಆ ವಿಡಿಯೋವನ್ನು ಅಕ್ಕ ಉಳಿಸಿಕೊಂಡಿದ್ದಳು. ಬೇಸಿಗೆಯಲ್ಲಿ ಹೋದಾಗ ಮತ್ತೆ ನೋಡಿದೆ. ತಿರುಗುವಾಗ ಹಿಂಗಾಲಿನ ಉಗುರು ನೆಲಕ್ಕೆ ಸವರಿ ಹೋಗೋದು ಸ್ಪಷ್ಟವಾಗಿ ಕಾಣುತ್ತೆ. ಅವತ್ತೂ ಅದು ಅಲ್ಲೇ ಇತ್ತು. ನನಗೆ ಕಾಣಲಿಲ್ಲ. ಅಕ್ಕನಿಗೆ ಸಮಾಧಾನ ಆಗೋದು ನನಗೆ ಬೇಕಿತ್ತು, ಅದೇ ಕಾಣಿಸಿತು.

ಐದು ದಿನದ ಮೇಲೆ ರಾತ್ರಿ ಪಡ್ಡು ಸೋಫಾದಿಂದ ಜಿಗಿದಳು. ಆಮೇಲೆ ಹಿಂಗಾಲು ಎರಡೂ ಏಳಲಿಲ್ಲ. ಮುಂಗಾಲಿನಲ್ಲಿ ಮೈ ಎಳೆದುಕೊಂಡು ನೀರಿನ ಬಟ್ಟಲ ಹತ್ತಿರ ಹೋಗಿದ್ದಳಂತೆ. ಅಕ್ಕನ ಅಳು ಫೋನಿನಲ್ಲಿ ಕೇಳೋಕಾಗಲಿಲ್ಲ.

ಡ್ಯಾಶ್‌ಹುಂಡ್ ಜಾತಿಗೆ ಇದು ಹುಟ್ಟಿನಿಂದ ಬಂದ ಶಾಪ. ಕಾಲು ಗಿಡ್ಡವಾಗಲಿ ಅಂತ ಮನುಷ್ಯರೇ ಆರಿಸಿ ಆರಿಸಿ ಬೆಳೆಸಿದ ಜಾತಿ ಅದು. ಗಿಡ್ಡ ಕಾಲಿನ ಜೊತೆಗೇ ಬಂದ ವಂಶವಾಹಿಯ ದೋಷ ಬೆನ್ನಿನ ಡಿಸ್ಕುಗಳನ್ನು ಚಿಕ್ಕ ವಯಸ್ಸಿನಲ್ಲೇ ಒಣಗಿಸಿ ಗಟ್ಟಿ ಮಾಡುತ್ತೆ. 2017ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಆ ದೋಷ ನಾಯಿಯ 12ನೇ ವರ್ಣತಂತುವಿನಲ್ಲಿದೆ ಅಂತ ಗುರುತಿಸಿದರು. ಈ ಜಾತಿಯ ಐದು ನಾಯಿಗಳಲ್ಲಿ ಸುಮಾರು ಒಂದಕ್ಕೆ ಬದುಕಿನಲ್ಲೊಮ್ಮೆ ಡಿಸ್ಕಿನ ತೊಂದರೆ ಬರುತ್ತೆ. ಗಟ್ಟಿಯಾದ ಡಿಸ್ಕು ಒಡೆದು ಒಳಗಿನದು ಮೇಲೆ ಚಿಮ್ಮಿ ಬೆನ್ನುಹುರಿಯನ್ನು ಒತ್ತುತ್ತೆ. ಇಲ್ಲಿ ಯಾವ ಮಣಿಯೂ ಸರಿದಿಲ್ಲ, ಕೂರಿಸೋಕೆ ಏನೂ ಇಲ್ಲ. ಶುರುವಿನಲ್ಲೇ ಆಗಿದ್ದರೆ ಅಲುಗದೆ ಮಲಗಿಸೋದೇ ಔಷಧಿ. ಹೆಚ್ಚಿನವು ಅದರಲ್ಲೇ ಸುಧಾರಿಸುತ್ತವೆ. ಮೊದಲ ಡಾಕ್ಟರು ಬೋನಿನಲ್ಲಿಡಿ ಅಂದದ್ದು ಅದಕ್ಕೇ.

ಬೆನ್ನು ಮುಟ್ಟಿದ್ದರಿಂದಲೇ ಹೀಗಾಯ್ತು ಅಂತ ನಾನು ಹೇಳಲಾರೆ. ತಾನಾಗಿಯೂ ಆಗಬಹುದಿತ್ತು, ಬೋನಿನಲ್ಲಿದ್ದರೂ ಆಗಬಹುದಿತ್ತು. ನಾವು ಕಳೆದುಕೊಂಡದ್ದು ಆ ನಾಲ್ಕು ವಾರದ ವಿಶ್ರಾಂತಿ. ಅದನ್ನು ಕಿತ್ತುಕೊಂಡದ್ದು ಯಾರ ಕೈಯೂ ಅಲ್ಲ, "ಸರಿಹೋಗಿದೆ" ಅನ್ನುವ ನಮ್ಮ ಮಾತು.

ಆ ರಾತ್ರಿಯೇ ಭಾವ ಎರಡು ಗಂಟೆ ಕಾರು ಓಡಿಸಿ ದೊಡ್ಡ ಪಶು ಆಸ್ಪತ್ರೆಗೆ ಹೋದರು. ಅಲ್ಲಿನ ಡಾಕ್ಟರು ಹಿಂಗಾಲಿನ ಬೆರಳನ್ನು ಚಿಮಟದಿಂದ ಬಲವಾಗಿ ಹಿಂಡಿದಾಗ ಪಡ್ಡು ತಿರುಗಿ ಕಚ್ಚೋಕೆ ಬಂದಳು. ಡಾಕ್ಟರು "ಒಳ್ಳೆಯ ಹುಡುಗಿ!" ಅಂದರಂತೆ. ಆ ನೋವು ಗೊತ್ತಾಗುತ್ತೆ ಅಂದರೆ ಆಪರೇಷನ್ ಮಾಡಿದರೆ ಹತ್ತರಲ್ಲಿ ಒಂಬತ್ತು ನಾಯಿ ಮತ್ತೆ ನಡೆಯುತ್ತವೆ. ಗೊತ್ತಾಗದೆ ಹೋಗಿದ್ದರೆ ಆ ಲೆಕ್ಕ ಸುಮಾರು ಅರ್ಧಕ್ಕೆ ಇಳಿಯುತ್ತೆ.

ಪಡ್ಡು ಈಗ ನಡೀತಾಳೆ. ಸೊಂಟ ಸ್ವಲ್ಪ ಬಳುಕುತ್ತೆ, ಅಮ್ಮ ಅದಕ್ಕೆ "ಬೈತಲೆ ಬಿಟ್ಟು ಜಡೆ ಹಾಕಿಕೊಂಡ ಹುಡುಗಿ ನಡೆದ ಹಾಗೆ" ಅಂತಾರೆ. ಆಪರೇಷನ್ ಆದಮೇಲೆ ಎರಡು ತಿಂಗಳು ಅವಳ ಕಾಲು ನೀವಿ, ನೀರಿನಲ್ಲಿ ನಡೆಸಿ, ಕೀಲು ಸಡಿಲ ಮಾಡಿ ಮತ್ತೆ ನಡೆಯೋಕೆ ಕಲಿಸಿದ್ದೂ ಕೈಗಳೇ. ಹಾಗಾಗಿ ಕೈಯ ಮೇಲೆ ನನಗೆ ಸಿಟ್ಟಿಲ್ಲ. ಸ್ಕ್ಯಾನು, ಶಸ್ತ್ರ, ವಿಶ್ರಾಂತಿ, ಕೈ ಎಲ್ಲ ಒಂದರ ಹಿಂದೆ ಒಂದು ಅದರದರ ಜಾಗದಲ್ಲಿ ಬಂದದ್ದೇ ನಿಜವಾದ ಹೋಲಿಸ್ಟಿಕ್ ಅಂತ ಈಗ ಅನ್ನಿಸುತ್ತೆ. ಮೊದಲು ಕಾಯಿಲೆ ಏನು ಅಂತ ಗೊತ್ತಾಗಲಿ, ಕೈ ಆಮೇಲೆ ಬರಲಿ. ಪೇಜೆಟ್ 1867ರಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ.

ನಿಮ್ಮ ಮನೆಯಲ್ಲೂ ನಾಯಿಯೋ ಬೆಕ್ಕೋ ಹಸುವೋ ಇದ್ದರೆ ಒಂದು ಸಣ್ಣ ಕೆಲಸ ಮಾಡಿ. ಕುಂಟಲು ಶುರುವಾದ ದಿನವೇ ಒಂದು ವಿಡಿಯೋ ತೆಗೆದಿಡಿ. ಯಾವ ಚಿಕಿತ್ಸೆಯಾದರೂ ಸರಿ, ಆದಮೇಲೆ ಇನ್ನೊಂದು ತೆಗೆಯಿರಿ. ಎರಡನ್ನೂ ಆ ಪ್ರಾಣಿಯ ಗುರುತೇ ಇಲ್ಲದ ಯಾರಿಗಾದರೂ, ಯಾವುದು ಮೊದಲಿನದು ಅಂತ ಹೇಳದೆ, ತೋರಿಸಿ. ಅವರು ಹೇಳಿದ್ದನ್ನು ನಂಬಿ.

ನನ್ನ ಹಾಗೆ ಪ್ರೀತಿ ಇರೋರನ್ನು ಮಾತ್ರ ಕೇಳಬೇಡಿ.